ಚಟ್ನಿ ಪುಡಿ ಪೌಚ್ ಮಾಡ್ಸೋರಿಗೆ: ಮೊಬೈಲ್‌ನಿಂದ ಪ್ರಿಂಟಿಂಗ್ ಮಷೀನ್ ತನಕ, ಒಂದೊಂದೇ ಹೆಜ್ಜಿ

ನಮ್ಮನಿ ಅಟ್ಟದ ಮ್ಯಾಲ ಇವತ್ತಿಗೂ ಗೋಣಿಚೀಲದ ತುಂಬ ಖಾಲಿ ಪೌಚ್ ಅದಾವ. ಬಣ್ಣ ಚಂದ ಐತಿ, ಫೋಟೊ ಚಂದ ಐತಿ, ಆದ್ರ ಮುಂದ್ಗಡೆ ದೊಡ್ಡಕ್ಷರದಾಗ ‘ಶೇಂಗಾ ಚಟ್ನಿ ಪುಡಿ’ ಅಂತ ಇರಬೇಕಾದ ಕಡೆ ಟಕಾರಕ್ಕ ನಕಾರದ ಒತ್ತು ಕೂಡೇ ಇಲ್ಲ, ‘ಚಟ್’ ಒಂದ್ಕಡೆ ‘ನಿ’ ಒಂದ್ಕಡೆ ನಿಂತಾವು. ಡಿಸೈನ್ ಮಾಡಿದವ್ರಿಗೆ ಕನ್ನಡ ಓದಾಕ ಬರ್ತಿರಲಿಲ್ಲ, ಅವ್ರು ವಾಟ್ಸಾಪ್‌ನಾಗ ಕಳ್ಸಿದ ಫೋಟೊನ ನಾವು ರಾತ್ರಿ ರೊಟ್ಟಿ ಕಟ್ಟೋ ಗಡಿಬಿಡಿಯಾಗ ಹೆಬ್ಬೆಟ್ಟಿನಷ್ಟು ದೊಡ್ಡದು ನೋಡಿ ‘ಓಕೆ’ ಅಂತ ಹಾಕಿದ್ವಿ, ಮರುದಿನ ಪ್ರಿಂಟ್ ಹೊಡಿಯೋ ಸಿಲಿಂಡರ್ ಕೊರಿಯಾಕ ಹೋಯ್ತು. ನಮ್ಮತ್ತಿಯವ್ರು ಪೌಚ್ ಕೈಯಾಗ ಹಿಡಿದ ಕೂಡ್ಲೆ ಕೇಳಿದ್ದು ಒಂದೇ ಮಾತು, ‘ಯವ್ವಾ, ಇದ್ಯಾಕ ಹಿಂಗ ಬಿರುಕು ಬಿಟ್ಟೈತಿ ಅಕ್ಷರ?’

ಆವತ್ತಿಂದ ಈ ಕೆಲ್ಸದ ಒಂದೊಂದು ಕೊಂಡಿನೂ ಕೂತು ಕಲ್ತೀನಿ. ಕೊಪ್ಪಳ, ಗಂಗಾವತಿ, ಕಾರಟಗಿ ಕಡೆ ಈಗ ಭಾಳ ಮಂದಿ ಮನ್ಯಾಗ ರೊಟ್ಟಿ, ಶೇಂಗಾ ಹಿಂಡಿ (ನಮ್ಮ ಕಡೆ ಶೇಂಗಾ ಚಟ್ನಿ ಪುಡಿಗೆ ಹಂಗ ಅಂತಾರ), ಗುರೆಳ್ಳು ಪುಡಿ, ಅಗಸಿ ಪುಡಿ, ಉಪ್ಪಿನಕಾಯಿ ಮಾಡಿ ಮಾರಾಕತ್ತ್ಯಾರ, ಸ್ವಸಹಾಯ ಸಂಘದ ಅಕ್ಕಾರು ಬಂದು ‘ಪಾಕಿಟು ಹೆಂಗ ಮಾಡ್ಸಿದ್ರಿ’ ಅಂತ ಕೇಳ್ತಾರ, ಅವ್ರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನ ಇಲ್ಲಿ ಒಂದೇ ಕಡೆ ಬರ್ದೀನಿ. ಸ್ವಲ್ಪ ಉದ್ದ ಐತಿ, ಆದ್ರೂ ಪೂರ್ತಿ ಓದ್ರಿ, ಯಾಕಂದ್ರ ಒಂದು ಹೆಜ್ಜಿ ಬಿಟ್ರ ಅದರ ದಂಡ ಮುಂದಿನ ಹೆಜ್ಜಿಯಾಗ ಕಟ್ಟಬೇಕಾಗ್ತೈತಿ.

ಮೊದಲ ಡಿಸೈನ್ ಅಲ್ರಿ, ಮೊದಲ ತಿನಿಸು

ಎಲ್ರೂ ಮೊದಲ ಮಾಡೋದು ಮೊಬೈಲ್‌ನಾಗ ಒಂದು ಆ್ಯಪ್ ತಗದು ಲೋಗೊ ಮಾಡೋದು. ಅದನ್ನ ಬದಿಗಿಡ್ರಿ. ನಿಮ್ಮ ತಿನಿಸು ಯಾವುದಕ್ಕ ಕೆಡ್ತೈತಿ ಅಂತ ಮೊದಲ ತಿಳ್ಕೊಳ್ರಿ. ಶೇಂಗಾದಾಗ ಹತ್ರಹತ್ರ ಅರ್ಧದಷ್ಟು ಎಣ್ಣಿನೇ ಇರ್ತೈತಿ, ಆ ಎಣ್ಣಿಗೆ ಗಾಳಿ, ಬೆಳಕು, ಬಿಸಿ ಮೂರೂ ಆಗಿಬರಂಗಿಲ್ಲ, ಕಮಟು ವಾಸ್ನಿ ಬರ್ತೈತಿ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳದಾಗ 40 ಡಿಗ್ರಿ ದಾಟೋದು ಹೊಸಾದೇನಲ್ಲ, ರಾಯಚೂರು ಬಳ್ಳಾರಿ ಕಡೆಗಂತೂ ಅಂಗಡಿ ಶಟರ್ ಒಳಗ ಇನ್ನೂ ಕಾಯ್ತೈತಿ. ಹಂಗಾಗಿ ಚಟ್ನಿ ಪುಡಿಗೆ ಪಾರದರ್ಶಕ ಪೌಚ್ ನೋಡಾಕ ಚಂದ, ತಿನ್ನಾಕ ಅಲ್ಲ. ಖಡಕ್ ರೊಟ್ಟಿದು ಬ್ಯಾರೆ ಕತಿ, ಅದಕ್ಕ ಬೆಳಕಿಗಿಂತ ಹಸಿಗಾಳಿ ವೈರಿ, ಜೊತಿಗೆ ಬಸ್ಸಿನ್ಯಾಗ ಹೋಗೋದ್ರಾಗ ಪುಡಿಪುಡಿ ಆಗ್ತೈತಿ, ಅದಕ್ಕ ಪೌಚ್‌ಗಿಂತ ಡಬ್ಬಿನೇ ಬೇಕು, ಇಲ್ಲಾಂದ್ರ ಪೌಚ್ ಮ್ಯಾಲ ರಟ್ಟಿನ ಬಾಕ್ಸ್.

ಪೌಚ್ ಅಂದ್ರ ಒಂದೇ ಹಾಳಿ ಅಲ್ಲ, ಎರಡ್ಮೂರು ಪದರ ಅಂಟಿಸಿರ್ತಾರ. ಹೊರಗಿಂದು ಪೆಟ್ ಇಲ್ಲಾ ಬಿಒಪಿಪಿ ಅನ್ನೋ ಪ್ಲಾಸ್ಟಿಕ್ ಹಾಳಿ, ಅದರ ಮ್ಯಾಲ ಪ್ರಿಂಟ್ ಆಗ್ತೈತಿ. ನಡುವಿಂದು ಮೆಟಲೈಸ್ಡ್ ಫಿಲ್ಮ್, ಅಂದ್ರ ಲೋಹದ ತೆಳು ಲೇಪ ಇರೋ ಪ್ಲಾಸ್ಟಿಕ್, ಇಲ್ಲಾ ಅಲ್ಯುಮಿನಿಯಂ ಫಾಯಿಲ್, ಇದು ಗಾಳಿ ಬೆಳಕು ತಡೀತೈತಿ. ಒಳಗಿಂದು ಪಾಲಿಥೀನ್, ಇದು ಕರಗಿ ಸೀಲ್ ಆಗೋದು, ತಿನಿಸಿಗೆ ತಾಗೋದೂ ಇದೇ. ಈಗ ಫ್ಯಾಷನ್ ಆಗಿರೋ ಕಂದು ಕ್ರಾಫ್ಟ್ ಪೇಪರ್ ಪೌಚ್‌ನಾಗ ಪೇಪರ್ ಏನೂ ತಡ್ಯಂಗಿಲ್ಲ, ಒಳಗಿನ ಪದರ ಯಾವುದು ಅಂತ ಕೇಳ್ರಿ. ಪೌಚ್ ಕೊಡೋರ ಹತ್ರ ‘ಡೇಟಾ ಶೀಟ್ ಕೊಡ್ರಿ’ ಅಂತ ಕೇಳ್ರಿ, ಆಕ್ಸಿಜನ್ ಎಷ್ಟು ಒಳಗ ಹಾಯ್ತೈತಿ, ನೀರಾವಿ ಎಷ್ಟು ಹಾಯ್ತೈತಿ ಅಂತ ಎರಡು ಅಂಕಿ ಅದ್ರಾಗ ಇರ್ತಾವು, ಎರಡೂ ಕಡಿಮಿ ಇದ್ದಷ್ಟು ಛಲೋ. ಫುಡ್ ಗ್ರೇಡ್ ಅಂತ ಬರೆದು ಕೊಡಾಕ ಹೇಳ್ರಿ. ಪ್ರಿಂಟ್ ಆದ ಬದಿ ತಿನಿಸಿಗೆ ಮುಟ್ಟಬಾರದು, ಶಾಯಿ ಐಎಸ್ 15495 ಅನ್ನೋ ಭಾರತೀಯ ಮಾನಕದ ಪ್ರಕಾರ ಇರಬೇಕು, ಇದು 2018ರ ಪ್ಯಾಕೇಜಿಂಗ್ ನಿಯಮದಾಗ ಐತಿ. ಪೇಪರ್‌ನಾಗ, ಅಂದ್ರ ಓದೋ ಪೇಪರ್‌ನಾಗ ಸುತ್ತಿ ಕೊಡೋದನ್ನೂ ಅದೇ ನಿಯಮ ಬ್ಯಾಡ ಅಂತೈತಿ, ರೊಟ್ಟಿ ಮಾರೋ ಅಕ್ಕಾರು ದಯವಿಟ್ಟು ಇದನ್ನ ಮನಸ್ಸಿಗೆ ತಗೋರಿ.

ಮೂರು ಥರದ ಖಾಲಿ ಪೌಚ್ ಹತ್ತತ್ತು ತರ್ಸಿ, ಒಂದೇ ದಿನದ ಪುಡಿ ತುಂಬಿ ಸೀಲ್ ಮಾಡಿ, ಅಡಿಗಿಮನಿ ಕಪಾಟಿನ್ಯಾಗ ಒಂದಿಷ್ಟು, ತಗಡಿನ ಶೆಡ್ಡಿನ್ಯಾಗ ಒಂದಿಷ್ಟು ಇಡ್ರಿ. ಟೆಂಪರೇಚರ್ ಮತ್ತ ಹಸಿ ತೋರ್ಸೋ ಸಣ್ಣ ಡಿಜಿಟಲ್ ಮೀಟರ್ ಒಂದು ಪಕ್ಕದಾಗ ಇಟ್ಟು, 15 ದಿನಕ್ಕೊಮ್ಮೆ ಒಂದೊಂದು ಒಡದು, ಮೊಬೈಲ್‌ನಾಗ ಗೂಗಲ್ ಶೀಟ್ ತಗದು ತಾರೀಖು, ಡಿಗ್ರಿ, ವಾಸ್ನಿ, ರುಚಿ, ಗಂಟು ಕಟ್ಟೈತೋ ಇಲ್ಲೋ, ಒಂದು ಫೋಟೊ, ಇಷ್ಟು ಹಾಕ್ರಿ. ‘ಮೂರು ತಿಂಗಳು ಬರ್ತೈತಿ’ ಅಂತ ಅಂದಾಜಿನ್ಯಾಗ ಹಾಕೋದಕ್ಕೂ ಇದನ್ನ ನೋಡಿ ಹಾಕೋದಕ್ಕೂ ಭಾಳ ಫರಕು ಐತಿ. ಇದಾದ ಮ್ಯಾಲ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬ್‌ಗೆ ಕಳ್ಸಿ ಖಾತ್ರಿ ಮಾಡ್ಕೊಳ್ರಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದಾಗ ಆಹಾರ ಸಂಸ್ಕರಣದ ಎಂಜಿನಿಯರಿಂಗ್ ವಿಭಾಗ ಐತಿ, ಮೈಸೂರಾಗ ಸಿಎಫ್‌ಟಿಆರ್‌ಐ ಅನ್ನೋ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಐತಿ, ಕೇಳಾಕ ಹಿಂಜರೀಬ್ಯಾಡ್ರಿ.

ಅಳತಿ: ಕಾಗದದ ಪೌಚ್ ಮಾಡಿ ನೋಡ್ರಿ

200 ಗ್ರಾಂ ಶೇಂಗಾ ಹಿಂಡಿ ಹಿಡ್ಯೋ ಪೌಚ್‌ನಾಗ 200 ಗ್ರಾಂ ಅಗಸಿ ಪುಡಿ ಹಿಡ್ಯಂಗಿಲ್ಲ, ಕುಟ್ಟಿದ್ದರ ಮ್ಯಾಲ ಐತಿ ಅದು. ನಿಮ್ಮ ಪುಡಿನೇ ತುಂಬಿ ಅಳೀರಿ, ಮ್ಯಾಲ ಸೀಲ್‌ಗೆ ಮತ್ತ ಹರಿಯೋ ಜಾಗಕ್ಕ ಬಿಡ್ರಿ. ಆಮ್ಯಾಲ ಪೌಚ್ ಕಂಪನಿಯಿಂದ ಡೈಲೈನ್ ತಗೋರಿ, ಅಂದ್ರ ಎಲ್ಲಿ ಮಡಚ್ತೈತಿ, ಎಲ್ಲಿ ಕತ್ರಿ ಬೀಳ್ತೈತಿ, ಎಲ್ಲಿ ಸೀಲ್ ಅಂತ ಗೆರಿ ಹಾಕಿದ ಪಿಡಿಎಫ್. ಡಿಸೈನ್ ಇದರ ಮ್ಯಾಲನೇ ಆಗಬೇಕು. ಕತ್ರಿ ಬೀಳೋ ಗೆರಿ ಹೊರಗ 3 ಮಿಲಿಮೀಟರ್ ಬಣ್ಣ ಮುಂದುವರ್ದಿರಬೇಕು, ಅದಕ್ಕ ಬ್ಲೀಡ್ ಅಂತಾರ, ಅಕ್ಷರ ಎಲ್ಲಾ ಸೀಲ್ ಜಾಗದಿಂದ ಒಳಗ ಇರಬೇಕು. ಡಿಸೈನ್ ಆದ ಮ್ಯಾಲ ಹತ್ರದ ಝೆರಾಕ್ಸ್ ಅಂಗಡಿಯಾಗ ‘100 ಪರ್ಸೆಂಟ್ ಸೈಜ್’ನಾಗ ಪ್ರಿಂಟ್ ತಗ್ಸಿ, ಕತ್ತರಿಸಿ, ಮಡಚಿ, ಅಂಟಿಸಿ, ಖರೇ ಪೌಚ್ ಹಂಗ ನಿಲ್ಸಿ ನೋಡ್ರಿ. ಸ್ಕ್ರೀನ್ ಮ್ಯಾಲ ಓದಾಕ ಬರೋ ಅಕ್ಷರ ಇಲ್ಲಿ ಎಷ್ಟು ಸಣ್ಣ ಆಗ್ತಾವು ಅಂತ ಗೊತ್ತಾಗೋದು ಆವಾಗ. ನಮ್ಮತ್ತಿಯವ್ರಿಗೆ ಕನ್ನಡಕ ಇಲ್ದ ಓದಾಕ ಬಂದ್ರ ಪಾಸು ಅಂತ ನಾವು ಇಟ್ಕೊಂಡೀವಿ.

ಬರಿಯೋದೆಲ್ಲಾ ಮೊದಲ ಒಂದು ಶೀಟಿನ್ಯಾಗ

ಡಿಸೈನರ್‌ಗೆ ಫೋನ್‌ನಾಗ ಹೇಳಿ ಬರಿಸೋದು, ವಾಯ್ಸ್ ಮೆಸೇಜ್ ಹಾಕೋದು, ಇವೆಲ್ಲ ತಪ್ಪಿಗೆ ದಾರಿ. ಒಂದು ಶೀಟ್ ಮಾಡ್ರಿ, ಎಡಕ್ಕ ‘ಏನು’, ಬಲಕ್ಕ ‘ಅಕ್ಷರ ಅಕ್ಷರ ಏನು ಪ್ರಿಂಟ್ ಆಗಬೇಕು’. ಅದ್ರಾಗ ಬರಬೇಕಾದವು: ತಿನಿಸಿನ ಹೆಸ್ರು, ಹೆಚ್ಚಿಂದ ಕಡಿಮಿ ತೂಕದ ಕ್ರಮದಾಗ ಸಾಮಾನು, 100 ಗ್ರಾಂಗೆ ಪೌಷ್ಟಿಕಾಂಶ, ಅಂದ್ರ ಎನರ್ಜಿ ಪ್ರೋಟೀನ್ ಕಾರ್ಬೊಹೈಡ್ರೇಟ್ ಸಕ್ಕರಿ ಕೊಬ್ಬು ಸೋಡಿಯಂ ಇತ್ಯಾದಿ, ಶೇಂಗಾ ಇದ್ರ ‘ಶೇಂಗಾ ಐತಿ’ ಅನ್ನೋ ಅಲರ್ಜಿ ಸೂಚನೆ, ಹಸಿರು ಚೌಕದೊಳಗಿನ ಹಸಿರು ಚುಕ್ಕಿ, ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಲೋಗೊ ಜೊತಿಗೆ ಅವ್ರು ಕೊಟ್ಟ 14 ಅಂಕಿ ನಂಬರು, ನಿವ್ವಳ ತೂಕ, ತಯಾರಕರ ಪೂರ್ತಿ ವಿಳಾಸ, ಗ್ರಾಹಕರು ಫೋನ್ ಮಾಡೋ ನಂಬರು, ಇಮೇಲು, ಬ್ಯಾಚ್, ತಯಾರಿಸಿದ ತಾರೀಖು, ಯಾವತ್ತಿನ ತನಕ ತಿನ್ನಬಹುದು, ಎಂಆರ್‌ಪಿ, ಮತ್ತ ಒಂದು ಗ್ರಾಂಗೆ ಎಷ್ಟು ಅನ್ನೋ ಯೂನಿಟ್ ರೇಟು. ಕಡಿಕಿಂದು ಭಾಳ ಮಂದಿ ಬಿಡ್ತಾರ. 200 ಗ್ರಾಂಗೆ 90 ರೂಪಾಯಿ ಇದ್ರ ಗ್ರಾಂಗೆ 0.45 ರೂಪಾಯಿ, ಶೀಟಿನ್ಯಾಗ ಫಾರ್ಮುಲಾ ಹಾಕಿಟ್ರ ರೇಟು ಬದಲಾದಾಗ ತಾನೇ ಬದಲಾಗ್ತೈತಿ.

ಹಸಿರು ಚುಕ್ಕಿಗೂ ಅಳತಿ ಐತ್ರಿ. ಪೌಚ್‌ನ ಮುಂದ್ಗಡೆ ಮುಖ್ಯ ಭಾಗ 100 ಚದರ ಸೆಂಟಿಮೀಟರ್ ತನಕ ಇದ್ರ ಚುಕ್ಕಿ ಕಮ್ಮಿ ಅಂದ್ರೂ 3 ಮಿಲಿಮೀಟರ್, 100ರಿಂದ 500ರ ತನಕ 4, ಅದಕ್ಕೂ ದೊಡ್ಡದಕ್ಕ ಇನ್ನೂ ಹೆಚ್ಚು, ಚೌಕದ ಬದಿ ಚುಕ್ಕಿಯ ಎರಡು ಪಟ್ಟು.

ಭಾಷಿ ವಿಷ್ಯ. ಎಫ್‌ಎಸ್‌ಎಸ್‌ಎಐ ಪ್ರಕಾರ ಕಡ್ಡಾಯ ಮಾಹಿತಿ ಇಂಗ್ಲಿಷ್ ಇಲ್ಲಾ ಹಿಂದಿಯಾಗ ಇರಬೇಕು, ಅದರ ಜೊತಿ ಬ್ಯಾರೆ ಭಾಷಿ ಹಾಕಬಹುದು. ಇನ್ನೊಂದ್ಕಡೆ ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022ರ ಪ್ರಕಾರ ಇಲ್ಲಿ ತಯಾರಾದ ವಸ್ತುವಿನ ಹೆಸ್ರು, ಬಳಸೋ ವಿಧಾನ ಕನ್ನಡದಾಗೂ ಇರಬೇಕು. ನಾನಂತೂ ಕಾಯ್ದೆ ಇರ್ಲಿ ಬಿಡ್ಲಿ, ಸಾಮಾನಿನ ಪಟ್ಟಿನೂ ಕನ್ನಡದಾಗ ಹಾಕ್ತೀನಿ. ನಮ್ಮ ಪುಡಿ ತಗೊಳ್ಳೋ ಅರ್ಧ ಮಂದಿ ಕನ್ನಡ ಅಷ್ಟೇ ಓದೋರು, ಶೇಂಗಾ ಆಗದ ಮಗು ಮನ್ಯಾಗಿದ್ರ ಅವ್ರಿಗೆ ಅದು ತಿಳೀಬೇಕಲ್ರಿ.

ಕನ್ನಡ ಅಕ್ಷರ ಕೆಡದಂಗ ನೋಡ್ಕೊಳ್ಳೋದು

ಇದಕ್ಕ ಜಾಸ್ತಿ ಹೊತ್ತು ಕೊಡ್ತೀನಿ, ಅಟ್ಟದ ಮ್ಯಾಲಿನ ಗೋಣಿಚೀಲ ನೋಡಿದಾಗೆಲ್ಲಾ ಇದೇ ನೆನಪಾಗ್ತೈತಿ.

ಕನ್ನಡ ಟೈಪ್ ಮಾಡೋದು ಎರಡು ಥರ. ಒಂದು ಯೂನಿಕೋಡ್, ನಾವು ಮೊಬೈಲ್‌ನಾಗ ಟೈಪ್ ಮಾಡೋದು. ಇನ್ನೊಂದು ನುಡಿ, ಬರಹದ ಹಳೇ ಫಾಂಟು, ಊರಿನ ಡಿಟಿಪಿ ಅಂಗಡಿಯಾಗ ಬ್ಯಾನರ್, ಲಗ್ನಪತ್ರಿಕಿ ಎಲ್ಲಾ ಇನ್ನೂ ಇದ್ರಾಗೇ ಆಗ್ತಾವು. ಹಳೇ ಫಾಂಟಿನ್ಯಾಗ ಮಾಡಿದ್ದನ್ನ ಆ ಫಾಂಟ್ ಇಲ್ದ ಕಂಪ್ಯೂಟರ್‌ನಾಗ ತೆರೆದ್ರ ಬರೀ ಇಂಗ್ಲಿಷ್ ಅಕ್ಷರದ ಕಿಚಡಿ ಕಾಣ್ತೈತಿ. ಯೂನಿಕೋಡ್‌ನಾಗ ಆ ತ್ರಾಸಿಲ್ಲ, ಆದ್ರ ಅದಕ್ಕ ಬ್ಯಾರೆ ತ್ರಾಸು: ಒತ್ತಕ್ಷರ ಕೂಡ್ಸೋ ಕೆಲ್ಸ ಸಾಫ್ಟ್‌ವೇರ್ ಮಾಡಬೇಕು. ಇಲ್ಲಸ್ಟ್ರೇಟರ್, ಫೋಟೊಶಾಪ್‌ನಾಗ ಭಾರತೀಯ ಭಾಷಿಗೆ ಅಂತ ಬ್ಯಾರೆ ಸೆಟ್ಟಿಂಗ್ ಐತಿ, ಅದನ್ನ ಆನ್ ಮಾಡಲಿಲ್ಲಂದ್ರ ಕನ್ನಡ ಪೇಸ್ಟ್ ಮಾಡಿದ ಕೂಡ್ಲೆ ಒತ್ತು ಬಿಚ್ಚಿ ಪಕ್ಕಕ್ಕ ಬಂದು ನಿಲ್ತೈತಿ, ನಮ್ಮ ‘ಚಟ್ನಿ’ ಒಡದಿದ್ದು ಹಂಗ. ಇಲ್ಲಸ್ಟ್ರೇಟರ್‌ನ ಪ್ಯಾರಾಗ್ರಾಫ್ ಮೆನುದಾಗ ‘ವರ್ಲ್ಡ್-ರೆಡಿ ಕಂಪೋಸರ್’ ಅಂತ ಇರ್ತೈತಿ, ನಿಮ್ಮ ಡಿಸೈನರ್‌ಗೆ ಅದನ್ನ ಆರ್ಸಾಕ ಹೇಳ್ರಿ. ಪುಕ್ಕಟೆ ಸಿಗೋ ಇಂಕ್‌ಸ್ಕೇಪ್‌ನಾಗ ಕನ್ನಡ ಹಂಗೇ ಸರಿ ಕೂಡ್ತೈತಿ, ನಾನು ಈಗ ಅಕ್ಷರದ ಕೆಲ್ಸ ಅದ್ರಾಗೇ ಮಾಡಿ ಕಳಿಸ್ತೀನಿ.

ಫಾಂಟಿಗೆ ದುಡ್ಡು ಕೊಡೋ ಅವಶ್ಯನೂ ಇಲ್ಲ, ಕದ್ದು ಬಳಸೋ ಅವಶ್ಯನೂ ಇಲ್ಲ. ಗೂಗಲ್ ಫಾಂಟ್ಸ್‌ನಾಗ ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ, ನಮ್ಮ ಕಡೆ ಹೆಸ್ರಿನ ‘ಹುಬ್ಬಳ್ಳಿ’ ಅನ್ನೋ ಫಾಂಟ್ ಕೂಡ ಅದಾವ, ವ್ಯಾಪಾರಕ್ಕೂ ಬಳಸಬಹುದು. ಹೆಸ್ರಿಗೆ ದಪ್ಪಂದು, ಸಣ್ಣ ಅಕ್ಷರಕ್ಕ ಸರಳಂದು ತಗೋರಿ. ಕನ್ನಡದಾಗ ಒತ್ತು ಕೆಳಗ ಇಳೀತಾವಲ್ಲ, ಅದಕ್ಕ ಸಾಲಿನ ನಡುವಿನ ಜಾಗ ಇಂಗ್ಲಿಷ್‌ಗಿಂತ ಜಾಸ್ತಿ ಬಿಡಬೇಕು, ಇಲ್ಲಾಂದ್ರ ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಿಕಟ್ಟಿಗೆ ತಾಗಿ ಎರಡೂ ಓದಾಕ ಬರಂಗಿಲ್ಲ. ಕಪ್ಪು ಹಿನ್ನೆಲಿ ಮ್ಯಾಲ ಬಿಳಿ ಸಣ್ಣ ಅಕ್ಷರ ಹಾಕಬ್ಯಾಡ್ರಿ, ಪ್ರಿಂಟ್‌ನಾಗ ಶಾಯಿ ಹರಡಿ ಅಕ್ಷರದ ಸಂದಿ ಮುಚ್ಚಿ ಹೋಗ್ತಾವು.

ಡಿಸೈನ್ ಬಂದ ಮ್ಯಾಲ ಈ ಶಬ್ದಗಳನ್ನ ಹುಡುಕಿ ಹುಡುಕಿ ನೋಡ್ರಿ: ಚಟ್ನಿ, ಬೆಳ್ಳುಳ್ಳಿ, ಸಾಮಗ್ರಿ, ಉತ್ಪನ್ನ, ಸಂಪರ್ಕ. ಒತ್ತು, ಅರ್ಕಾವತ್ತು, ಇಕಾರ ಮೂರೂ ಇವುದ್ರಾಗ ಬರ್ತಾವು, ಇವು ಸರಿ ಇದ್ರ ಉಳಿದವು ಬಹುತೇಕ ಸರಿ ಇರ್ತಾವು. ಆಮ್ಯಾಲ ಅಕ್ಷರನೆಲ್ಲಾ ಔಟ್‌ಲೈನ್ ಮಾಡ್ಸಿ, ಅಂದ್ರ ಅಕ್ಷರ ಹೋಗಿ ಚಿತ್ರ ಆಗ್ತಾವು, ಪ್ರೆಸ್ಸಿನವ್ರ ಕಂಪ್ಯೂಟರ್‌ನಾಗ ಫಾಂಟ್ ಇರ್ಲಿ ಬಿಡ್ಲಿ ಬದಲಾಗಂಗಿಲ್ಲ. ಔಟ್‌ಲೈನ್ ಮಾಡೋಕಿಂತ ಮೊದಲಿನ ಫೈಲ್ ಒಂದು ಬ್ಯಾರೆ ಇಟ್ಕೊಳ್ರಿ, ಇಲ್ಲಾಂದ್ರ ಮುಂದ ತಿದ್ದಾಕ ಬರಂಗಿಲ್ಲ. ಪ್ರೂಫ್ ಯಾವತ್ತೂ ಪಿಡಿಎಫ್‌ನಾಗ ತರ್ಸ್ಕೊಳ್ರಿ. ವಾಟ್ಸಾಪ್‌ನಾಗ ಫೋಟೊ ಅಂತ ಕಳ್ಸಿದ್ರ ಅದು ಕುಗ್ಗಿ ಬರ್ತೈತಿ, ಡಾಕ್ಯುಮೆಂಟ್ ಅಂತ ಕಳಿಸಾಕ ಹೇಳ್ರಿ, ಮತ್ತ ಬೆಳಿಗ್ಗೆ ನೋಡ್ರಿ, ಇಬ್ರು ನೋಡ್ರಿ, ಒಬ್ರು ಗಟ್ಟಿಯಾಗಿ ಓದಬೇಕು ಇನ್ನೊಬ್ರು ಶೀಟಿನ್ಯಾಗ ಟಿಕ್ ಹಾಕಬೇಕು.

ಬಣ್ಣ, ಚಿತ್ರ

ನಮ್ಮೂರ ಪಕ್ಕದಾಗ ಕಿನ್ನಾಳ ಐತಿ, ಅಲ್ಲಿ ಕಟಗಿ ಗೊಂಬಿಯ ಕೆಂಪು, ಹಳದಿ, ಹಸಿರು ಎಷ್ಟು ಧೈರ್ಯದ ಬಣ್ಣ ನೋಡ್ರಿ. ನಮ್ಮ ಎರಡ್ನೇ ಪೌಚ್‌ನ ಬಣ್ಣ ಅಲ್ಲಿಂದ ತಗೊಂಡೀವಿ, ಗೊಂಬಿ ಚಿತ್ರ ಕದ್ದಿಲ್ಲ, ಬಣ್ಣದ ಜೋಡಿ ಅಷ್ಟೇ. ಕಿನ್ನಾಳ ಗೊಂಬಿಗೆ ಜಿಐ, ಅಂದ್ರ ಆ ಊರಿನ ಹೆಸ್ರಿಗೆ ಕಾನೂನಿನ ರಕ್ಷಣೆ ಕೊಡೋ ಮಾನ್ಯತೆ ಐತಿ, ಅದರ ಹೆಸ್ರು ನಮ್ಮ ಪೌಚ್ ಮ್ಯಾಲ ಹಾಕ್ಕೊಳ್ಳೋದು ಸರಿ ಅಲ್ಲ.

ಮೊಬೈಲ್ ಸ್ಕ್ರೀನ್ ಬೆಳಕಿನಿಂದ ಬಣ್ಣ ತೋರಿಸ್ತೈತಿ, ಪ್ರಿಂಟಿಂಗ್ ಶಾಯಿಯಿಂದ ತೋರಿಸ್ತೈತಿ. ಸ್ಕ್ರೀನ್ ಮ್ಯಾಲ ಮಿಂಚೋ ಗಿಳಿ ಹಸಿರು, ಕಿತ್ತಳಿ ಪ್ರಿಂಟ್‌ನಾಗ ಮಂಕಾಗ್ತಾವು. ಫೈಲ್ ಶುರುವಿನಿಂದಾನೇ ಸಿಎಂವೈಕೆ ಮೋಡ್‌ನಾಗ, ಅಂದ್ರ ಪ್ರಿಂಟಿನ ನಾಲ್ಕು ಶಾಯಿಯ ಲೆಕ್ಕದಾಗ ಮಾಡ್ಸ್ರಿ, ಫೋಟೊ ಪ್ರಿಂಟ್ ಆಗೋ ಅಳತಿಯಾಗ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರ್ಲಿ. ಬೆಳ್ಳಿ ಹಂಗ ಮಿಂಚೋ ಮೆಟಲೈಸ್ಡ್ ಪೌಚ್ ಆದ್ರ ಬಣ್ಣದ ಹಿಂದ ಬಿಳಿ ಶಾಯಿಯ ಪದರ ಬೇಕೇ ಬೇಕು, ಅದು ಇಲ್ಲಂದ್ರ ಕೆಂಪು ಚಟ್ನಿ ಕಂದು ಲೋಹದ ಹಂಗ ಕಾಣ್ತೈತಿ. ಎಲ್ಲೆಲ್ಲಿ ಬಿಳಿ ಬರಬೇಕು ಅಂತ ಫೈಲ್‌ನಾಗ ಬ್ಯಾರೆ ಲೇಯರ್ ಮಾಡಿ ತೋರಿಸಬೇಕು, ಪ್ರೆಸ್ಸಿನವ್ರನ್ನ ಮೊದಲೇ ಕೇಳ್ರಿ.

ಫೋಟೊ ನಿಮ್ಮ ಪುಡಿದೇ ಇರ್ಲಿ. ಬೆಳಿಗ್ಗೆ ಎಂಟರ ಹೊತ್ತಿಗೆ ಪಡಸಾಲಿಯಾಗ, ನೇರ ಬಿಸಿಲು ಬೀಳದ ಕಡೆ, ಕಂಚಿನ ಇಲ್ಲಾ ಬಿಳಿ ತಾಟಿನ್ಯಾಗ ಇಟ್ಟು ತಗೀರಿ, ಸಾಕು. ಈಗ ಎಐನಿಂದ ಚಿತ್ರ ಮಾಡ್ಸೋರು ಜಾಸ್ತಿ ಆಗ್ಯಾರ, ಐಡಿಯಾ ನೋಡಾಕ ಅಡ್ಡಿ ಇಲ್ಲ, ನಾನೂ ಐದಾರು ಥರ ಮಾಡಿ ನೋಡ್ತೀನಿ, ಆದ್ರ ಅದು ಬರೆದ ಕನ್ನಡ ಅಕ್ಷರ ನಂಬಬ್ಯಾಡ್ರಿ, ಎಷ್ಟೋ ಸಲ ದೂರದಿಂದ ಕನ್ನಡ ಹಂಗ ಕಂಡು ಹತ್ರ ಹೋದ್ರ ಅರ್ಥ ಇರಂಗಿಲ್ಲ. ಮತ್ತ ಪೌಚ್‌ನಾಗ ಇಲ್ದ ಗೋಡಂಬಿ, ತುಪ್ಪದ ಚಿತ್ರ ಹಾಕೋದು ಮೋಸ, ಕಾನೂನಿಗೂ ತಪ್ಪು.

ಬಾರ್‌ಕೋಡ್, ಕ್ಯೂಆರ್

ಓಣಿ ಕಿರಾಣಿ ಅಂಗಡಿಗೆ ಕೊಡೋರಿಗೆ ಬಾರ್‌ಕೋಡ್ ಬೇಕಾಗಿಲ್ಲ. ಸೂಪರ್ ಮಾರ್ಕೆಟ್‌ಗೆ, ಆನ್‌ಲೈನ್‌ಗೆ ಹೋಗೋದಾದ್ರ ಬಾರ್‌ಕೋಡ್ ನಂಬರು ಕೊಡೋ ಸಂಸ್ಥೆ ಜಿಎಸ್‌1 ಇಂಡಿಯಾದಿಂದ ನಂಬರು ತಗೋಬೇಕು, 13 ಅಂಕಿದು, 890ರಿಂದ ಶುರು ಆಗ್ತೈತಿ. ಇಂಟರ್ನೆಟ್‌ನಾಗ ಸಿಗೋ ಪುಕ್ಕಟೆ ನಂಬರು ಹಾಕಿದ್ರ ಅದು ಇನ್ಯಾರದೋ ಸಾಬೂನಿಂದು ಆಗಿರಬಹುದು. 200 ಗ್ರಾಂಗೆ ಒಂದು, 500 ಗ್ರಾಂಗೆ ಇನ್ನೊಂದು, ಹಿಂಗ ಪ್ರತಿ ಸೈಜಿಗೂ ಬ್ಯಾರೆ ಬ್ಯಾರೆ ನಂಬರು. ಬಾರ್‌ಕೋಡಿನ ಪೂರ್ತಿ ಅಳತಿ 37.29 ಮಿಲಿಮೀಟರ್ ಅಗಲ, 80 ಪರ್ಸೆಂಟ್ ತನಕ ಸಣ್ಣ ಮಾಡಬಹುದು, ಅದಕ್ಕೂ ಕೆಳಗ ಇಳಿಸಬಾರದು. ಎಡ ಬಲ ಖಾಲಿ ಜಾಗ ಬಿಡಬೇಕು. ಗೆರಿ ಕಪ್ಪು, ಹಿಂದ ಬಿಳಿ. ಕೆಂಪು ಗೆರಿ ಹಾಕಬಾರದು, ಅಂಗಡಿ ಸ್ಕ್ಯಾನರ್ ಬೆಳಕೇ ಕೆಂಪು, ಅದಕ್ಕ ಕೆಂಪು ಗೆರಿ ಕಾಣಂಗೇ ಇಲ್ಲ.

ಕ್ಯೂಆರ್ ಕೋಡ್ 1994ರಾಗ ಜಪಾನಿನ ಡೆನ್ಸೊ ಕಂಪನಿ ಕಾರಿನ ಬಿಡಿಭಾಗ ಗುರುತಿಸಾಕ ಅಂತ ಮಾಡಿದ್ದು, ಈಗ ಜಾತ್ರಿಯಾಗ ಬೆಂಡು ಬತ್ತಾಸ ಮಾರೋರ ಹತ್ರನೂ ಐತಿ. ಹಂಗಾಗೇ ಒಂದು ಗೊಂದಲ: ಮಂದಿ ಪೌಚ್ ಮ್ಯಾಲಿನ ಕ್ಯೂಆರ್ ನೋಡಿ ದುಡ್ಡು ಕೊಡೋದು ಅನ್ಕೊಂತಾರ. ಪಕ್ಕದಾಗ ‘ಈ ಪುಡಿ ಬಗ್ಗೆ ತಿಳ್ಕೊಳ್ಳಾಕ ಸ್ಕ್ಯಾನ್ ಮಾಡ್ರಿ’ ಅಂತ ಬರೀರಿ. ಕಮ್ಮಿ ಅಂದ್ರೂ 2 ಸೆಂಟಿಮೀಟರ್ ಇರ್ಲಿ, ಸುತ್ತ ಖಾಲಿ ಬಿಳಿ ಇರ್ಲಿ, ಮಡಿಕಿ ಮ್ಯಾಲ ಬರಬಾರದು. ಲಿಂಕ್ ಸಣ್ಣದಿದ್ದಷ್ಟು ಚೌಕ ದೊಡ್ಡ ಆಗ್ತಾವು, ಹಳೇ ಫೋನಿಗೂ ಓದಾಕ ಬರ್ತೈತಿ. ಎರರ್ ಕರೆಕ್ಷನ್ ‘ಕ್ಯೂ’ ಲೆವೆಲ್ ಇಟ್ರ ಕಾಲು ಭಾಗ ಗೀಚಿ ಹೋದ್ರೂ ನಡೀತೈತಿ. ಮುಖ್ಯ ಮಾತು, ಪುಕ್ಕಟೆ ‘ಡೈನಾಮಿಕ್ ಕ್ಯೂಆರ್’ (ಅವ್ರ ವೆಬ್‌ಸೈಟ್ ಮೂಲಕ ನಿಮ್ಮ ಪುಟಕ್ಕ ಕಳ್ಸೋದು) ಕೊಡೋ ಕಡೆ ಟ್ರಯಲ್ ಮುಗಿದ ಮ್ಯಾಲ ಲಿಂಕ್ ಸತ್ತು ಹೋಗ್ತೈತಿ, ಪ್ರಿಂಟ್ ಆದ ಪೌಚ್ ಮಾತ್ರ ಅಂಗಡಿಯಾಗ ಇರ್ತೈತಿ. ನಿಮ್ಮದೇ ವೆಬ್ ವಿಳಾಸ ತಗೊಂಡು ಅದ್ರದೇ ಲಿಂಕ್ ಹಾಕ್ರಿ, ಒಳಗಿನ ಪುಟ ಬೇಕಾದಂಗ ಬದಲಾಯಿಸಬಹುದು. ಆ ಪುಟದಾಗ ದೊಡ್ಡಕ್ಷರದಾಗ ಸಾಮಾನಿನ ಪಟ್ಟಿ, ತಾರೀಖು ಓದೋ ರೀತಿ ಹಾಕ್ರಿ, ಕಣ್ಣು ಕಾಣದವ್ರಿಗೆ ಫೋನೇ ಓದಿ ಹೇಳ್ತೈತಿ. ದೃಷ್ಟಿ ಇಲ್ದವ್ರಿಗೆ ಅನುಕೂಲ ಆಗ್ಲಿ ಅಂತ ಕ್ಯೂಆರ್ ಹಾಕ್ರಿ ಅಂತ ಎಫ್‌ಎಸ್‌ಎಸ್‌ಎಐ ಕೂಡ 2023ರಾಗ ಹೇಳೈತಿ.

ಎಲ್ಲಿ, ಹೆಂಗ ಪ್ರಿಂಟ್ ಮಾಡ್ಸೋದು

ರೋಟೋ ಪ್ರಿಂಟಿಂಗ್‌ನಾಗ ಒಂದೊಂದು ಬಣ್ಣಕ್ಕ ಒಂದೊಂದು ಸಿಲಿಂಡರ್ ಕೊರೀಬೇಕು, ಆರು ಬಣ್ಣ ಅಂದ್ರ ಆರು. ಸಾವಿರಗಟ್ಲೆ ಪೌಚ್ ಒಮ್ಮಿಗೇ ತಗೋಬೇಕು, ಆದ್ರ ಒಂದೊಂದು ಪೌಚಿಗೆ ಅಗ್ಗ ಬೀಳ್ತೈತಿ. ಡಿಜಿಟಲ್ ಪ್ರಿಂಟಿಂಗ್‌ನಾಗ ಸಿಲಿಂಡರ್ ಇಲ್ಲ, ಫೈಲ್‌ನಿಂದ ಸೀದಾ ಫಿಲ್ಮ್ ಮ್ಯಾಲ, ಕೆಲವ್ರು 500 ಪೌಚ್ ಕೂಡ ಮಾಡಿ ಕೊಡ್ತಾರ, ಶೇಂಗಾ ಅಗಸಿ ಗುರೆಳ್ಳು ಮೂರೂ ಒಂದೇ ಆರ್ಡರ್‌ನಾಗ ಸೇರ್ಸಬಹುದು, ಒಂದೊಂದಕ್ಕ ದುಬಾರಿ. ಲೆಕ್ಕ ಹಿಂಗ ಹಾಕ್ರಿ, ಉದಾಹರಣಿಗೆ ಅಷ್ಟೇ: ಸಿಲಿಂಡರ್ ಖರ್ಚು 30,000, ಡಿಜಿಟಲ್ ಪೌಚ್ 7 ರೂಪಾಯಿ, ರೋಟೋ ಪೌಚ್ 3 ರೂಪಾಯಿ ಅನ್ಕೊಳ್ರಿ, ಫರಕು 4, ಅಂದ್ರ 30,000 ಭಾಗ 4, 7,500 ಪೌಚ್ ಖರ್ಚಾದ ಮ್ಯಾಲ ರೋಟೋ ಲಾಭ. ಆದ್ರ ವರ್ಷದಾಗ 2,000 ಪೌಚ್ ಮಾರೋರು, ಇನ್ನೂ ರೇಟು ವಿಳಾಸ ರೆಸಿಪಿ ಬದಲಾಗೋರು, ಅಗ್ಗ ಅಂತ 20,000 ತಗೊಂಡ್ರ ಅಟ್ಟಕ್ಕ ಹೋಗ್ತಾವು.

ನನ್ನ ಸಲಹೆ ಏನಂದ್ರ, ಮೊದಲ ಆರು ತಿಂಗಳು ಏನೂ ಪ್ರಿಂಟ್ ಇಲ್ದ ಛಲೋ ಬ್ಯಾರಿಯರ್ ಪೌಚ್, ಅಂದ್ರ ಗಾಳಿ ಬೆಳಕು ತಡ್ಯೋ ಪೌಚ್ ತಗೊಂಡು ಅದಕ್ಕ ಡಿಜಿಟಲ್‌ನಾಗ ಪ್ರಿಂಟ್ ಮಾಡಿದ ಸ್ಟಿಕ್ಕರ್ ಹಚ್ರಿ. ಆಮ್ಯಾಲ ಡಿಜಿಟಲ್ ಪೌಚ್. ಒಂದು ವರ್ಷ ಒಂದೇ ಡಿಸೈನ್ ಬದಲಾಗದ ನಡೀತು ಅಂದ ಮ್ಯಾಲ ರೋಟೋ. ಯಾವುದೇ ಇರ್ಲಿ, ಅದೇ ಫಿಲ್ಮ್ ಮ್ಯಾಲ ತಗದ ಸ್ಯಾಂಪಲ್ ಕೈಗೆ ಬಂದು ನೋಡೋ ತನಕ ಪೂರ್ತಿ ದುಡ್ಡು ಕೊಡಬ್ಯಾಡ್ರಿ. ಮಷೀನು, ಬ್ರ್ಯಾಂಡಿಂಗ್‌ಗೆ ದುಡ್ಡು ಸಾಲಲ್ಲ ಅನ್ನೋರು ಸಣ್ಣ ಆಹಾರ ಉದ್ಯಮಕ್ಕ ಅಂತ ಇರೋ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಈಗಲೂ ನಡದೈತೋ ಅನ್ನೋದರ ಬಗ್ಗೆ ಜಿಲ್ಲಾ ಕೃಷಿ ಇಲಾಖೆಯಾಗ ವಿಚಾರಿಸ್ರಿ, 2020ರಾಗ ಶುರು ಆಗಿದ್ದು, ಅದ್ರಾಗ ಸಾಲದ ಜೊತಿಗೆ 35 ಪರ್ಸೆಂಟ್ ಸಬ್ಸಿಡಿ ಇತ್ತು, 10 ಲಕ್ಷದ ಮಿತಿಯೊಳಗ.

ತಾರೀಖು, ಬ್ಯಾಚ್, ರೇಟು: ಇವನ್ನ ಪೌಚ್ ಮ್ಯಾಲ ಮೊದಲೇ ಪ್ರಿಂಟ್ ಮಾಡ್ಸಬ್ಯಾಡ್ರಿ

ಇವು ಬದಲಾಗೋವು. ಡಿಸೈನ್‌ನಾಗ ಒಂದು ಖಾಲಿ ಬಿಳಿ ಚೌಕ ಬಿಡ್ಸ್ರಿ, ಪ್ಯಾಕ್ ಮಾಡೋ ದಿನ ಅದ್ರಾಗ ಹೊಡೀರಿ. ನಾವು ಮೊದಲ ಬಿಲ್ ಪ್ರಿಂಟರ್ ಥರದ ಥರ್ಮಲ್ ಸ್ಟಿಕ್ಕರ್ ಬಳಸಿದ್ವಿ, ರಿಬ್ಬನ್ ಇಲ್ಲದ್ದು. ಮೇ ತಿಂಗಳು, ಸಿಂಧನೂರಿಗೆ ಹೋಗೋ ಡಬ್ಬಿ ಮಧ್ಯಾಹ್ನ ಪೂರ್ತಿ ಗೂಡ್ಸ್ ಗಾಡಿಯಾಗ ಬಿಸಿಲಿಗೆ ನಿಂತಿತ್ತು. ಸಂಜಿಗೆ ಅಂಗಡಿಯವ್ರು ಫೋಟೊ ಕಳ್ಸಿದ್ರು, ಬಿಳಿ ಸ್ಟಿಕ್ಕರ್ ಬೂದಿ ಬಣ್ಣಕ್ಕ ತಿರುಗಿ ತಾರೀಖೇ ಕಾಣವಲ್ದು, ಎಣ್ಣಿ ಕೈ ತಾಗಿದ ಕಡೆ ಅಕ್ಷರ ಅಳಿಸಿ ಹೋಗಿದ್ದವು. ಆ ಕಾಗದ ಬಿಸಿಗೇ ಕಪ್ಪಾಗೋ ಕಾಗದ, ಅದರ ಗುಣನೇ ಅದು, ನಮ್ಮ ಸೀಮಿಗೆ ಅದು ಹೊಂದಂಗಿಲ್ಲ. ಥರ್ಮಲ್ ಟ್ರಾನ್ಸ್‌ಫರ್ ಅಂತ, ರಿಬ್ಬನ್ ಹಾಕೋ ಪ್ರಿಂಟರ್ ತಗೋರಿ. ಕಾಗದದ ಸ್ಟಿಕ್ಕರ್‌ಗೆ ವ್ಯಾಕ್ಸ್ ರಿಬ್ಬನ್ ಸಾಕು, ಪ್ಲಾಸ್ಟಿಕ್ ಸ್ಟಿಕ್ಕರ್‌ಗೆ ರೆಸಿನ್ ರಿಬ್ಬನ್, ಎಣ್ಣಿಗೂ ತಡೀತೈತಿ. ಕನ್ನಡ ಸಣ್ಣಕ್ಷರ ಬೇಕಂದ್ರ 203 ಅಲ್ಲ, 300 ಡಿಪಿಐ ಪ್ರಿಂಟರ್ ನೋಡ್ರಿ, ಕನ್ನಡ ಫಾಂಟ್ ಪ್ರಿಂಟರ್ ಒಳಗ ಸಾಮಾನ್ಯವಾಗಿ ಇರಂಗಿಲ್ಲ, ಕಂಪ್ಯೂಟರ್‌ನಿಂದ ಚಿತ್ರ ಮಾಡಿ ಕಳಿಸಬೇಕು.

ಇನ್ನೊಂದು ದಾರಿ, ಕೈಯಾಗ ಹಿಡಿದು ಪೌಚ್ ಮ್ಯಾಲ ಎಳೆಯೋ ಸಣ್ಣ ಇಂಕ್‌ಜೆಟ್ ಪ್ರಿಂಟರ್, ಅರ್ಧ ಇಂಚು ಎತ್ತರದ ಸಾಲು ಹೊಡೀತೈತಿ. ಪ್ಲಾಸ್ಟಿಕ್ ಮ್ಯಾಲ ಆದ್ರ ಬೇಗ ಒಣಗೋ ಸಾಲ್ವೆಂಟ್ ಶಾಯಿ ಕಾರ್ಟ್ರಿಜ್ ಹಾಕ್ರಿ, ನೀರಿನ ಶಾಯಿ ಬೆರಳಿಗೆ ಬರ್ತೈತಿ. ಪುಡಿ ತುಂಬೋಕಿಂತ ಮೊದಲು ಖಾಲಿ ಪೌಚ್ ಸಪಾಟಾಗಿ ಇಟ್ಟು ಹೊಡೀರಿ, ತುಂಬಿದ ಮ್ಯಾಲ ಉಬ್ಬಿರ್ತೈತಿ, ಸಾಲು ಸೊಟ್ಟ ಬರ್ತೈತಿ.

ತುಂಬೋದು, ಸೀಲ್ ಮಾಡೋದು

ಡಿಜಿಟಲ್ ಕಾಟಾ ಮುದ್ರಿ ಹಾಕ್ಸಿದ್ದು ಇರಬೇಕು, ಖಾಲಿ ಪೌಚ್ ಇಟ್ಟು ಸೊನ್ನಿ ಮಾಡಿ ಆಮ್ಯಾಲ ತುಂಬ್ರಿ, ಪೌಚ್ ತೂಕ ಪುಡಿ ತೂಕದಾಗ ಸೇರಬಾರದು. ಬ್ಯಾಂಡ್ ಸೀಲರ್, ಅಂದ್ರ ಬೆಲ್ಟಿನ ಮ್ಯಾಲ ಪೌಚ್ ಹಾಯ್ಸಿ ಬಿಸಿಯಿಂದ ಸೀಲ್ ಮಾಡೋ ಮಷೀನ್‌ನಾಗ ಡಿಗ್ರಿ ತೋರಿಸ್ತೈತಿ, ಆದ್ರ ಎಷ್ಟಕ್ಕ ಇಡಬೇಕು ಅನ್ನೋದು ಫಿಲ್ಮ್ ದಪ್ಪ, ಬೆಲ್ಟ್ ವೇಗದ ಮ್ಯಾಲ, ಹಂಗಾಗಿ ಹತ್ತು ಖಾಲಿ ಪೌಚ್ ಬ್ಯಾರೆ ಬ್ಯಾರೆ ಡಿಗ್ರಿಯಾಗ ಹಾಯ್ಸಿ, ತಣ್ಣಗಾದ ಮ್ಯಾಲ ಎಳೆದು ನೋಡಿ, ಸರಿ ಬಂದಿದ್ದನ್ನ ಮಷೀನ್ ಮ್ಯಾಲ ಬರೆದು ಅಂಟಿಸ್ರಿ. ಕರೆಂಟ್ ಹೋಗಿ ಬಂದ್ರ ಪೂರ್ತಿ ಬಿಸಿ ಆಗೋ ತನಕ ಕಾಯ್ರಿ, ಆ ಐದು ನಿಮಿಷದಾಗ ಹಾಯ್ಸಿದ ಪೌಚ್‌ಗಳೇ ವಾಪಸ್ ಬರೋವು. ಸೀಲ್ ಜಾಗದಾಗ ಪುಡಿ ಕೂತ್ರ ಸೀಲ್ ಹಿಡ್ಯಂಗಿಲ್ಲ, ಅಗಲ ಬಾಯಿ ಫನೆಲ್ ಹಾಕ್ರಿ, ಒಣ ಬಟ್ಟಿಯಿಂದ ಒಳಬಾಯಿ ಒರೆಸ್ರಿ. ಪ್ರತಿ ಬ್ಯಾಚಿನ್ಯಾಗ ಎರಡು ಪೌಚ್ ಬಕೆಟ್ ನೀರಿನ್ಯಾಗ ಮುಳುಗ್ಸಿ ಹಿಚುಕಿ, ಗುಳ್ಳಿ ಬಂದ್ರ ಆ ಬ್ಯಾಚ್ ಪೂರ್ತಿ ಮತ್ತ ನೋಡ್ರಿ.

ಮುಂದ ರೋಲ್‌ನಿಂದ ತಾನೇ ಪೌಚ್ ಮಾಡಿ ತುಂಬೋ ಮಷೀನ್ ತಗೊಳ್ಳೋರು ಒಂದು ನೆನಪಿಡ್ರಿ, ರೋಲ್ ಅಂಚಿನ್ಯಾಗ ‘ಐ ಮಾರ್ಕ್’ ಅಂತ ಸಣ್ಣ ಗಾಢ ಚೌಕ ಇರ್ತೈತಿ, ಮಷೀನಿನ ಸೆನ್ಸರ್ ಅದನ್ನ ನೋಡಿ ಎಲ್ಲಿ ಕತ್ತರಿಸಬೇಕು ಅಂತ ತಿಳ್ಕೊಂತೈತಿ. ಅದರ ದಾರಿಯಾಗ ಬ್ಯಾರೆ ಯಾವ ಬಣ್ಣನೂ ಬರಬಾರದು, ಬಂದ್ರ ಪೌಚ್ ನಡುವೇ ಕತ್ತರಿಸಿ ಹಾಕ್ತೈತಿ. ಡಿಸೈನ್ ಮಾಡೋವಾಗಲೇ ಹೇಳಬೇಕಾದ ಮಾತು ಇದು.

ಬ್ಯಾಚ್ ಲೆಕ್ಕ

ನಮ್ಮ ಬ್ಯಾಚ್ ನಂಬರು ಸರಳ: ತಿನಿಸಿನ ಒಂದಕ್ಷರ, ತಾರೀಖು, ಆ ದಿನದ ಎಷ್ಟನೇ ಹುರಿ. ಮೊಬೈಲ್ ಶೀಟಿನ್ಯಾಗ ಅದರ ಮುಂದ ಶೇಂಗಾ ಯಾರ ಹತ್ರ ತಂದಿದ್ದು, ಒಣಮೆಣಸಿನಕಾಯಿ ಯಾವ ಚೀಲ, ಯಾರು ಹುರಿದ್ರು, ಯಾರು ಸೀಲ್ ಮಾಡಿದ್ರು, ಯಾವ ಅಂಗಡಿಗೆ ಎಷ್ಟು ಹೋಯ್ತು ಅಂತ ಹಾಕ್ತೀವಿ. ಹೋದ ವರ್ಷ ಒಬ್ರು ಗ್ರಾಹಕರು ಪುಡಿ ಕಮಟು ಐತಿ ಅಂತ ಪೌಚ್ ಫೋಟೊ ಕಳ್ಸಿದ್ರು, ಬ್ಯಾಚ್ ನೋಡಿದ ಕೂಡ್ಲೆ ಆ ದಿನ ಕರೆಂಟ್ ಹೋಗಿದ್ದು, ಸೀಲ್ ನಡುವೆ ನಿಲ್ಸಿದ್ದು ಶೀಟಿನ್ಯಾಗ ಬರೆದಿತ್ತು, ಆ ಬ್ಯಾಚಿನ 38 ಪೌಚ್ ಯಾವ ಎರಡು ಅಂಗಡಿಯಾಗ ಅದಾವ ಅಂತ ಹತ್ತು ನಿಮಿಷದಾಗ ತಿಳೀತು, ನಮ್ಮನಿಯವ್ರು ಗಾಡಿ ತಗೊಂಡು ಹೋಗಿ ಸಂಜಿಯೊಳಗ ಎಲ್ಲಾ ವಾಪಸ್ ತಂದ್ರು.

ಪ್ರತಿ ಬ್ಯಾಚಿಂದು ಎರಡು ಪೌಚ್ ಮಾರಬ್ಯಾಡ್ರಿ, ಟ್ರಂಕಿನ್ಯಾಗ ಇಡ್ರಿ. ನಾವು ಅವುಗಳನ್ನ ಕಡೇ ತಾರೀಖು ಮುಗಿದ ಮ್ಯಾಲ ಇನ್ನೂ 15 ದಿನ ಬಿಟ್ಟು ಒಡೀತೀವಿ. ನಮ್ಮತ್ತಿಯವ್ರು ಮೂಗಿನ ಹತ್ರ ಹಿಡಿದು, ಚೂರು ನಾಲಿಗಿ ಮ್ಯಾಲ ಹಾಕ್ಕೊಂಡು ಹೇಳಿದ್ದನ್ನ ಹಂಗೇ ಶೀಟಿನ ಕಡೇ ಕಾಲಂನಾಗ ಟೈಪ್ ಮಾಡ್ತೀನಿ.